ಒಗೆದ ಅಂಗಿ

"ಭಾಳ ಹೊಲಸಾಗಿತ್ರೀ ಅಕ್ಕಾರ, ಎರಡು ಸಲ ಸೋಪು ಹಚ್ಚೀನಿ," ಎಂದು ಈರಣ್ಣ ಹಗ್ಗದ ಮೇಲಿನ ಅಂಗಿ ತೋರಿಸಿದ. ಹೊಸ ರೈತರ ಕೂಡುಹೊಲಕ್ಕೆ ಅವನು ಬಂದು ಎರಡೇ ದಿನವಾಗಿತ್ತು. ಒಗೆಯುವ ಪಾಳಿ ಅವನದು.

ಅದು ನಮಗೆ ಬೇಸಾಯ ಕಲಿಸಿದ ದ್ಯಾಮಣ್ಣಜ್ಜನ ಬೆವರಿನ ಅಂಗಿ. ಬೆಳೆಸಿದವರ ಮೈವಾಸನೆ ಸಿಗದಿದ್ದರೆ ಜೋಳ ಒಂದೇ ದಿನಕ್ಕೆ ಒಣಗುತ್ತದೆ. ಅಜ್ಜ ಸೋಮವಾರ ತೀರಿಕೊಂಡ ಮೇಲೆ ನಾನು ಅದನ್ನೇ ತೊಟ್ಟು ಹೊಲಕ್ಕಿಳಿಯುತ್ತಿದ್ದೆ. ಬೆಳೆ ಇನ್ನೂ ನನ್ನ ವಾಸನೆಯನ್ನು ಒಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಎಲೆಗಳು ಸುರುಳಿ ಸುತ್ತಿದ್ದವು. ಹನ್ನೊಂದು ಮಂದಿ ವರ್ಷವಿಡೀ ಉಣ್ಣಬೇಕಾದ ಜೋಳ ಅದು. ನಾನು ಅಜ್ಜನ ಹೆಂಡತಿ ಗುರುಸಿದ್ದಮ್ಮನ ಬಾಗಿಲು ತಟ್ಟಿ, ನಡೆದದ್ದನ್ನು ಹೇಳಿದೆ.

ಅವಳು ಒಳಗಿನಿಂದ ಅಜ್ಜ ಹೊದೆಯುತ್ತಿದ್ದ ಕೌದಿ ತಂದಳು.

"ಇದೊಂದ ಉಳದೈತಿ. ಜ್ವಾಳ ನಿನ್ನ ಒಪ್ಪೂದರಾಗ ಇದರಾಗ ನಮ್ಮನಿಯವರ ವಾಸನಿ ಉಳಿತೈತೇನವಾ?"

"ಇಲ್ಲಬೇ ಅಮ್ಮಾ. ಅಷ್ಟೊತ್ತಿಗೆ ಅದಕ್ಕ ನನ್ನ ವಾಸನಿ ಹತ್ತಿರತೈತಿ."

"ಸುಳ್ಳರ ಹೇಳಬಾರದಾಗಿತ್ತೇನ?"

ಅವಳು ಕೌದಿಯಲ್ಲಿ ಮುಖವಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಅದನ್ನು ನನಗೆ ಹೊದಿಸಿ, "ಬಿಸಲೇರೂದರಾಗ ಹೋಗು," ಎಂದು ಬಾಗಿಲು ಹಾಕಿಕೊಂಡಳು.