ತಿಳಿಯಾಗದ ಹೊಂಡ

“ತುರುಬು ಬಿಚ್ಚು,” ಎಂದ ಮುಕಾದಮ ಮಹಾಂತಪ್ಪ.

ಶೆಟ್ಟೆವ್ವ ಬಿಚ್ಚಿದಳು. ಗೇಟಿನ ಹೆಂಗಸು ಕೂದಲು ಜಾಲಾಡಿದಳು, ಬಾಯಿ ತೆರೆಸಿದಳು, ಉಡಿ ಝಾಡಿಸಿದಳು. ಬಂಗಾರದ ಒಂದು ಕಣವೂ ಸಿಗಲಿಲ್ಲ.

“ದಿನಾ ಹುಡುಕತೀರಿ, ದಿನಾ ಏನೂ ಸಿಗಂಗಿಲ್ಲ. ಬ್ಯಾಸರ ಬರೂದಿಲ್ಲೇನ್ರಿ?” ಎಂದಳು ಶೆಟ್ಟೆವ್ವ.

ಮಹಾಂತಪ್ಪನ ಪಿತ್ತ ನೆತ್ತಿಗೇರಿತು. ಬೈಲಹೊಂಗಲದ ಈ ಹಳ್ಳದ ಮರಳು ತೊಳೆದು ತಲೆತಲಾಂತರದಿಂದ ಬಂಗಾರ ಹೆಕ್ಕುತ್ತಿದ್ದ ಜಲಗಾರರನ್ನು ಗಣಿ ಕಂಪನಿ ಒದ್ದೋಡಿಸಿತ್ತು. ಅವರಲ್ಲಿ ಇವಳೊಬ್ಬಳೇ ಕೂಲಿಗೆ ಬಂದವಳು. ಅವಳ ಮಂದಿ ಗೇಟಿನ ಮುಂದೆಯೇ, ಎಲ್ಲರಿಗೂ ಕಾಣುವಂತೆ, ಅವಳತ್ತ ಉಗಿದು ಹೋಗಿದ್ದರು. ಇಷ್ಟಾದರೂ ಈ ಹೆಂಗಸಿನ ಕಣ್ಣು ಮಾತ್ರ ಕೆಳಗಿಳಿಯಲೊಲ್ಲದು.

ತಿಜೋರಿಗೆ ಬರುವ ಬಂಗಾರ ಇಳಿಯುತ್ತಲೇ ಇತ್ತು. ಈ ತಿಂಗಳೂ ಇಳಿದರೆ ನಿನ್ನ ಮುಕಾದಮಿ ಹೋಯಿತೆಂದು ಕಂಪನಿಯ ಸಾಹೇಬ ಹೇಳಿಬಿಟ್ಟಿದ್ದ.

ಗಣಿಯ ಬಂಗಾರದ ಕಲ್ಲನ್ನು ಹಿಟ್ಟು ಮಾಡಿ ನೀರಿಗೆ ಕಲಸಿ ಹೊಂಡಕ್ಕೆ ಬಿಡುತ್ತಿದ್ದರು. ಸುಣ್ಣ ಬಿದ್ದರೆ ಕೆಸರು ಗರಣೆ ಗರಣೆಯಾಗಿ ಹೆಪ್ಪುಗಟ್ಟಿ ಬಂಗಾರದ ಪುಡಿಯೊಡನೆ ತಳಕ್ಕೆ ಕೂರುತ್ತದೆ. ಬಟ್ಟೆ ಒಗೆಯುವ ಚೌಳುಪ್ಪು ಬಿದ್ದರೆ ಕೂರುವುದೇ ಇಲ್ಲ, ಬಂಗಾರವನ್ನೂ ಹೊತ್ತು ಹೊಂಡದ ಒಡ್ಡು ದಾಟಿ ಹರಿದುಹೋಗುತ್ತದೆ. ಇದು ಸಾಹೇಬನ ಪಾಠ. ಅದಕ್ಕೇ ಮಹಾಂತಪ್ಪ, ಹೊಂಡದ ಮೇಲ್ಗಡೆ ಬಟ್ಟೆ ಒಗೆಯುತ್ತಿದ್ದ ಮಡಿವಾಳೆಪ್ಪನನ್ನು ಬೈದು ಓಡಿಸಿದ್ದ.

ದಿನಾ ಮುಂಜಾನೆ ಗೇಟಿನ ಹೊರಗಿಂದ ಬುಟ್ಟಿ ತುಂಬ ಬಿಳಿ ಪುಡಿ ಹೊತ್ತು ತಂದು ಹೊಂಡಕ್ಕೆ ಸುರಿಯುವುದು ಶೆಟ್ಟೆವ್ವನ ಕೆಲಸ. ಒಳಗೆ ಬರುವವರನ್ನು ಯಾರೂ ತಡೆಯುತ್ತಿರಲಿಲ್ಲ. ಕದಿಯುವವರು ಒಯ್ಯುತ್ತಾರೆಯೇ ಹೊರತು ತರುತ್ತಾರೆಯೇ?

ಆದರೂ ಹೊಂಡ ಅಂಬಲಿಯ ಹಾಗೆಯೇ ಇತ್ತು. ಕೆಂಪು ನೀರು ಒಡ್ಡು ದಾಟಿ ಹಳ್ಳಕ್ಕಿಳಿಯುತ್ತಿತ್ತು. ಮಹಾಂತಪ್ಪ ಗೇಟಿನಿಂದಲೇ ಅದನ್ನು ನೋಡುತ್ತ ನಿಂತ. ಆಮೇಲೆ ಶೆಟ್ಟೆವ್ವನತ್ತ ತಿರುಗಿದ.

“ಸುಣ್ಣ ಸಾಲವಲ್ದು,” ಎಂದ. “ನಾಳಿಂದ ಎರಡು ಬುಟ್ಟಿ ತಗೊಂಬಾ.”

“ಸಾಹೇಬ್ರು ಕೇಳಿದ್ರ?”

“ನಾ ಹೇಳೇನಿ ಅನ್ನು. ಮತ್ತ ನೆನಪಿಡು, ನಿನ್ನ ಕಳವು ಹಿಡದ ದಿನಾ ಹಳ್ಳದ ಕಡೆ ಕಾಲಿಡಗೊಡಂಗಿಲ್ಲ.”

ಶೆಟ್ಟೆವ್ವ ತುರುಬು ಕಟ್ಟಿಕೊಂಡಳು. “ಹಳ್ಳ ನಮ್ಮದ್ರಿ, ಮುಕಾದಮರ. ನೀವು ಬರೂಕಿಂತ ಮೊದಲೂ ನಮ್ಮದು, ನೀವು ಹೋದ ಮ್ಯಾಲೂ ನಮ್ಮದು.”

ಬರಿಗೈಯಲ್ಲಿ ಗೇಟು ದಾಟಿದವಳು ನೇರ ಮಡಿವಾಳೆಪ್ಪನ ಮನೆಗೆ ನಡೆದಳು.

“ಕಾಕಾ, ನಾಳಿಂದ ಚೌಳು ಎರಡು ಬುಟ್ಟಿ ಬೇಕು, ಮುಕಾದಮರ ಹುಕುಂ ಆಗೇತಿ. ಒಡ್ಡು ದಾಟಿ ಬರೋ ಬಂಗಾರ ಹಿಡಿಯಾಕ ಹಳ್ಳದಾಗ ಇನ್ನೂ ನಾಕು ಕಂಬಳಿ ಹಾಸ್ರಿ ಅಂತ ನಮ್ಮವರಿಗೂ ಹೇಳಬೇಕು.”