ಒಂದೇ ಮಾತಿಗೆ ಒಪ್ಪಿದವರು

ಬಿಸಿಲಿಗೆ ಹಾಕಿದ ಹಳೆಯ ಕಂಬಳಿಯ ವಾಸನೆ ಬಂದರೆ ಸಾಕು, ಘಟಪ್ರಭಾದ ನಮ್ಮ ಮನೆಯ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಅಕ್ಕನನ್ನು ನೋಡಲು ಹುಕ್ಕೇರಿ ಕಡೆಯವರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಒಳಗೆ ಕಂಪ್ಯೂಟರ್ ಮುಂದೆ ನಾನು ಜರ್ಮನಿಯ ಒಂದು ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ದೆ. ಆ ಗೇಮಿನಲ್ಲಿ ನಾವು ಚೆಂಡು ಒದೆಯುವುದಿಲ್ಲ. ಆಟಗಾರರನ್ನು ಕೊಂಡು ತಂಡ ಕಟ್ಟುತ್ತೇವೆ. ಕುರಿ ಕಾಯ್ದೇ ಮುದುಕನಾಗಿದ್ದ ಅಜ್ಜ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನನ್ನ ಹಿಂದೆ ಕೂತಿದ್ದ.

ಒಬ್ಬ ಒಳ್ಳೆಯ ಸ್ಟ್ರೈಕರನನ್ನು ತೀರಾ ಕಡಿಮೆ ಬೆಲೆಗೆ ಕೇಳಿದೆ. ಅವನ ಕ್ಲಬ್ಬು ಕೂಡಲೇ ಒಪ್ಪಿತು.

“ಚೌಕಾಸಿ ಮಾಡ್ಲಿಲ್ಲೇನು?” ಅಜ್ಜ ಕೇಳಿದ.

“ಇಲ್ಲಜ್ಜಾ, ಒಂದ ಮಾತಿಗೆ ಒಪ್ಪಿದ್ರು.”

“ಅಂಥಾ ಕುರಿ ತಗೊಳ್ಳೂಕಿಂತ ಮೊದ್ಲ ಒಂದ್ ರಾತ್ರಿ ನಮ್ಮ ಹಟ್ಟ್ಯಾಗ ಇಟ್ಕೊಂಡ ನೋಡಬೇಕು. ಹಗಲೆಲ್ಲಾ ಚಂದ ಮೇಯ್ತಾವ, ರಾತ್ರಿ ಕೆಮ್ಮತಾವ.”

ನಾನು ಅಜ್ಜನ ಮಾತು ಕೇಳದೆ ಕೊಂಡೆ. ಎರಡನೇ ಪಂದ್ಯಕ್ಕೇ ಆ ಸ್ಟ್ರೈಕರ್ ಮೊಣಕಾಲು ಹಿಡಿದು ಕೂತ, ಹಳೆಯ ಪೆಟ್ಟಂತೆ. ಅಜ್ಜ ನಗಲಿಲ್ಲ. ಅವನ ಕಿವಿ ಪಡಸಾಲೆಯ ಕಡೆಗಿತ್ತು.

ಅಲ್ಲಿ ಹುಡುಗನ ಅಪ್ಪ, “ನಮಗ ಏನೂ ಬ್ಯಾಡ್ರಿ, ಏನೂ ಕೇಳಂಗಿಲ್ಲ. ಈ ವಾರದಾಗ ಮದುವಿ ಮುಗಿಸಿಬಿಡೋಣ್ರಿ” ಅನ್ನುತ್ತಿದ್ದರು.

ಅಜ್ಜ ಕಂಬಳಿ ಕೊಡವಿ ಎದ್ದು ಹೊರಗೆ ಹೋದ. ಬಂದವರಿಗೆ ನಗುತ್ತಲೇ ಕೈಮುಗಿದ.

“ಭಾಳ ಸಂತೋಷ ಆತ್ರಿ. ಇವತ್ತ ರಾತ್ರಿ ಹುಡುಗನ್ನ ಇಲ್ಲೇ ವಸ್ತಿ ಬಿಟ್ಟ ಹೋಗ್ರಿ. ನನ್ನ ಬಾಜೂಕ ಮಲಗ್ಲಿ.”

ಹುಡುಗನ ಅಪ್ಪ ಚಹಾದ ಬಸಿ ಕೆಳಗಿಟ್ಟು ಮಗನ ಕಡೆ ನೋಡಿದರು. ಮಗ ಆಗಲೇ ಚಪ್ಪಲಿ ಹುಡುಕುತ್ತಿದ್ದ.