ಮಾತಿನ ಕವಡೆ

ಆ ಬೆಳಿಗ್ಗೆ ಮಂಜು ದಟ್ಟವಾಗಿ ಇಳಿದಿತ್ತು. ಗಂಡ ಮುಂದೆ, ಹೆಂಡತಿ ಮಾರುದ್ದ ಹಿಂದೆ. ಅಪರಿಚಿತರ ಹಾಗೆ ನಡೆದು ಆಪ್ತಸಮಾಲೋಚಕಿಯ ಮನೆಗೆ ಬಂದರು. ಇದೊಂದು ಪ್ರಯತ್ನ ಕೈಗೂಡದಿದ್ದರೆ ಬೇರೆಯಾಗುವುದೆಂದು ತೀರ್ಮಾನಿಸಿದ್ದರು.

"ಇವಳು ನನ್ನ ಮಾತೇ ಕೇಳಲ್ಲ," ಎಂದ ಗಂಡ.

"ಇವರು ಮಾತು ನಿಲ್ಲಿಸಿದರೆ ತಾನೇ ಕೇಳಿದ್ದು ತಲೆಗೆ ಹೋಗೋದು," ಎಂದಳು ಹೆಂಡತಿ.

ಸಮಾಲೋಚಕಿ ಒಂದು ಕವಡೆ ಕೊಟ್ಟಳು. "ಚೌಕಾಬಾರ ಆಟದ ಹಾಗೇ. ಮನೇಲಿ ಕವಡೆ ಕೈಲಿದ್ದವರು ಮಾತ್ರ ಮಾತಾಡಬೇಕು, ಇನ್ನೊಬ್ಬರು ಕೇಳಬೇಕು."

ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದು ಇಬ್ಬರೂ ಒಪ್ಪಿದರು.

ತಿಂಗಳು ಕಳೆದು ಮತ್ತೆ ಬಂದಾಗ ಜೊತೆಜೊತೆಯಾಗಿ ನಡೆದು ಬಂದರು.

"ಜಗಳ ಹೇಗಿದೆ?"

"ಇಲ್ಲವೇ ಇಲ್ಲ ಮೇಡಂ," ಎಂದ ಗಂಡ.

"ಹಾಗಾದ್ರೆ ಮನಸ್ಸು ಬಿಚ್ಚಿ ಮಾತಾಡಿದ್ರಿ."

"ಎಲ್ಲಿಯ ಮಾತು? ಮನೆಗೆ ಹೋದ ದಿನವೇ ಕವಡೆ ಕಳೆದುಹೋಯ್ತು. ಅದಿಲ್ಲದೆ ಮನೇಲಿ ಬಾಯಿ ಬಿಡೋ ಹಾಗಿಲ್ಲ, ದೇವರ ಮುಂದೆ ಒಪ್ಪಿದ್ದೀವಿ. ದಿನಾ ಸಂಜೆ ಇಬ್ಬರೂ ಸೇರಿ ಹುಡುಕ್ತೀವಿ. ಇವಳು ಟಾರ್ಚ್ ಹಿಡೀತಾಳೆ, ನಾನು ಮಂಚದ ಕೆಳಗೆ ತೂರ್ತೀನಿ. ಮೊನ್ನೆ ತಲೆಗೆ ತಲೆ ತಾಗಿ ಇಬ್ಬರಿಗೂ ನಗು ತಡೀಲಿಲ್ಲ. ನಗೋದಕ್ಕೆ ಕವಡೆ ಬೇಡವಲ್ಲ?"

ಸಮಾಲೋಚಕಿ ಮೇಜಿನ ಖಾನೆ ಎಳೆದಳು. "ಪರವಾಗಿಲ್ಲ, ಇನ್ನೊಂದು ಕೊಡ್ತೀನಿ."

"ಬೇಡ ಬಿಡಿ ಮೇಡಂ. ಇನ್ನೂ ಅಟ್ಟ ಹುಡುಕೋದು ಬಾಕಿ ಇದೆ."

ಅವನು ಚಪ್ಪಲಿ ಮೆಟ್ಟಲು ಹೊರಗೆ ಹೋದ. ತಿಂಗಳಿಡೀ ಟಾರ್ಚ್ ಹಿಡಿದವಳು ಸೆರಗಿನ ಗಂಟು ಬಿಚ್ಚಿ, ಕವಡೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.